ಟ್ರಾಕ್ಟರಿನ ಪೆಡಲುಗಳನ್ನು ಕಾಲಿಗೆ ಹಗುರ ಮಾಡಿಕೊಳ್ಳುವ ಬಗೆ

ಕಾಫಿ ತೋಟದಲ್ಲಾಗಲಿ ಅಡಿಕೆ ತೋಟದಲ್ಲಾಗಲಿ ಟ್ರಾಕ್ಟರು ಓಡುವುದಕ್ಕಿಂತ ನಿಂತು ಹೊರಡುವುದೇ ಹೆಚ್ಚು. ಗೊಬ್ಬರ ಇಳಿಸಲು ನಿಲ್ಲಬೇಕು, ಗೊನೆ ತುಂಬಲು ನಿಲ್ಲಬೇಕು, ತಿರುವಿನಲ್ಲಿ ಹಿಂದೆ ಮುಂದೆ ಆಡಿಸಬೇಕು. ಪ್ರತಿ ಸಲವೂ ಎಡಗಾಲು ಕ್ಲಚ್ಚನ್ನು ತಳದವರೆಗೆ ತುಳಿಯಬೇಕು. ಬಯಲುಸೀಮೆಯಲ್ಲಿ ಉದ್ದುದ್ದ ಸಾಲು ಉಳುವವನಿಗೆ ಇಷ್ಟು ತುಳಿತವಿಲ್ಲ. ಆದ್ದರಿಂದಲೇ ನಮ್ಮ ಕಡೆಯ ಚಾಲಕರಲ್ಲಿ ಐವತ್ತು ದಾಟಿದವರು ಮೊದಲು ಹೇಳುವ ದೂರು ಮೊಣಕಾಲಿನದು.

ಈಚೆಗೆ ಹಲವು ಸದಸ್ಯರು ಪೆಡಲು ಹಗುರ ಮಾಡಿಸುವ ಬಗ್ಗೆ ವಿಚಾರಿಸುತ್ತಿರುವುದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯ ಮಾತು: ಗಟ್ಟಿಯಾದ ಪೆಡಲಿಗೆಲ್ಲ ಮಾರ್ಪಾಡು ಬೇಕಿಲ್ಲ. ಪೆಡಲು ತಿರುಗುವ ಅಡ್ಡ ಶಾಫ್ಟು ಕಾಲಡಿಯ ಕೆಸರಿನಲ್ಲೇ ಇರುತ್ತದೆ. ಮಳೆಗಾಲ ಕಳೆದ ಮೇಲೆ ಅದಕ್ಕೆ ತುಕ್ಕು ಹಿಡಿದು, ಗ್ರೀಸು ನಿಪ್ಪಲ್ ಮಣ್ಣಿನಲ್ಲಿ ಮುಚ್ಚಿಹೋಗಿರುತ್ತದೆ. ನಿಪ್ಪಲ್ ಬಿಡಿಸಿ, ಹಳೆಯ ಗ್ರೀಸು ಹೊರಬರುವವರೆಗೆ ಹೊಸದನ್ನು ತುಂಬಿದರೆ ಅರ್ಧ ತೊಂದರೆ ಅಲ್ಲಿಯೇ ಮುಗಿಯುವುದುಂಟು. ಆಮೇಲೆ ಪೆಡಲಿನ ಬಿಡುವು ನೋಡಬೇಕು. ಕೈಯಲ್ಲಿ ಮೆಲ್ಲಗೆ ಒತ್ತಿದಾಗ ತಡೆ ಸಿಗುವ ಮುನ್ನ ಪೆಡಲು ಎಷ್ಟು ಇಳಿಯುತ್ತದೆಂಬುದನ್ನು ಅಡಿಕೋಲು ಹಿಡಿದು ಅಳೆದು, ಟ್ರಾಕ್ಟರಿನ ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಹೋಲಿಸಬೇಕು. ಬಿಡುವೇ ಇಲ್ಲದಿದ್ದರೆ ಕ್ಲಚ್ ಸದಾ ಅರೆ ತುಳಿದ ಸ್ಥಿತಿಯಲ್ಲಿದ್ದು ಪ್ಲೇಟು ಸುಡುತ್ತದೆ. ಅತಿಯಾದರೆ ಗೇರು ಕರಕರ ಎನ್ನುತ್ತದೆ. ಸೀಟನ್ನೂ ಮರೆಯಬಾರದು. ಸೀಟು ಹಿಂದಿದ್ದರೆ ಚಾಲಕ ಸೊಂಟ ಜಾರಿಸಿ ಕಾಲ್ಬೆರಳಿನಿಂದ ತುಳಿಯುತ್ತಾನೆ. ಮೊಣಕಾಲು ಸ್ವಲ್ಪ ಮಡಿದಿದ್ದು, ಬೆನ್ನು ಒರಗಿಗೆ ತಾಗಿರುವಾಗಲೇ ಕಾಲಿನ ಪೂರ್ಣ ಬಲ ಪೆಡಲಿಗೆ ಬೀಳುವುದು.

ಇಷ್ಟಾದರೂ ಕಷ್ಟ ಉಳಿದರೆ ಮಾರ್ಪಾಡಿನ ಯೋಚನೆ. ಇಲ್ಲಿ ಹೈಸ್ಕೂಲಿನಲ್ಲಿ ಓದಿದ ಸನ್ನೆಯ ಲೆಕ್ಕವನ್ನು ನೆನಪಿಸಿಕೊಳ್ಳಬೇಕು. ತಿರುಗುಗೂಟದಿಂದ ಪಾದ ಇಡುವ ಪಟ್ಟಿಯವರೆಗೆ 12 ಅಂಗುಲ, ಕ್ಲಚ್ಚಿನ ಸರಳನ್ನು ಎಳೆಯುವ ಗಿಡ್ಡ ತೋಳು 3 ಅಂಗುಲ ಎಂದಿಟ್ಟುಕೊಳ್ಳಿ. ಆಗ ಕಾಲಿನ ಬಲ ನಾಲ್ಕು ಪಟ್ಟಾಗುತ್ತದೆ. 30 ಕಿಲೋ ಒತ್ತಿದರೆ ಸರಳಿಗೆ 120 ಕಿಲೋ. ಪೆಡಲಿನ ತೋಳನ್ನು 15 ಅಂಗುಲಕ್ಕೆ ಏರಿಸಿದರೆ ಐದು ಪಟ್ಟು; ಅದೇ 120 ಕಿಲೋಗೆ 24 ಕಿಲೋ ಸಾಕು. ಮೊಣಕಾಲು ನೋವಿನವನಿಗೆ ಈ ಆರು ಕಿಲೋ ಸಣ್ಣದಲ್ಲ. ಆದರೆ ಪುಕ್ಕಟೆಯಾಗಿ ಬಂದದ್ದೂ ಅಲ್ಲ. ಮೊದಲು ಪಾದ 5 ಅಂಗುಲ ಇಳಿಯುತ್ತಿದ್ದರೆ ಈಗ ಆರೂಕಾಲು ಅಂಗುಲ ಇಳಿಯಬೇಕು. ಎತ್ತರದ ಚಾಲಕನಿಗೆ ಇದು ಹೊಂದುತ್ತದೆ; ಗಿಡ್ಡನೆಯವರಿಗೆ ಕಾಲು ಎಟುಕುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಉದ್ದವಾದ ಪೆಡಲು ಪೂರ್ತಿ ಇಳಿಯುವ ಮೊದಲೇ ಕಾಲಡಿಯ ತಗಡಿಗೆ ತಾಗಿ ನಿಂತರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಎರಡು ಹಂತದ ಕ್ಲಚ್ ಇರುವ ಟ್ರಾಕ್ಟರುಗಳಲ್ಲಿ ಅರ್ಧ ತುಳಿದರೆ ಗಾಲಿಗಳು ನಿಲ್ಲುತ್ತವೆ, ಉಳಿದರ್ಧ ತುಳಿದ ಮೇಲಷ್ಟೇ ಪಿ.ಟಿ.ಓ. ಶಾಫ್ಟು ನಿಲ್ಲುತ್ತದೆ. ಟ್ರಾಕ್ಟರು ನಿಂತಿತೆಂದು ಸ್ಪ್ರೇಯರಿನ ಹತ್ತಿರ ಹೋದವನ ಪಂಚೆಯನ್ನು ತಿರುಗುತ್ತಲೇ ಇರುವ ಶಾಫ್ಟು ಸೆಳೆದುಕೊಳ್ಳಲು ಒಂದು ಕ್ಷಣ ಸಾಕು. ಆದ್ದರಿಂದ ತೋಳು ಉದ್ದ ಮಾಡಿಸಿದವರು ಕ್ಲಚ್ಚನ್ನು ತಳಕ್ಕೆ ತುಳಿದು, ಶಾಫ್ಟು ನಿಂತಿತೇ ಎಂದು ಇನ್ನೊಬ್ಬರಿಂದ ದೂರದಲ್ಲಿ ನಿಂತು ನೋಡಿಸತಕ್ಕದ್ದು.

ಗಿಡ್ಡ ಚಾಲಕರಿಗೆ, ಈಗ ಟ್ರಾಕ್ಟರು ಕಲಿಯುತ್ತಿರುವ ಹೆಣ್ಣುಮಕ್ಕಳಿಗೆ, ಬೇಕಾದದ್ದು ಉದ್ದ ತೋಳಲ್ಲ, ದಪ್ಪ ಪಟ್ಟಿ. ಪೆಡಲಿನ ಮೇಲೆ ಒಂದೂವರೆ ಅಂಗುಲದ ಕಟ್ಟೆಯನ್ನು ಬೋಲ್ಟಿನಿಂದ ಬಿಗಿದು, ಮೇಲೆ ಗುಬುಟಿನ ತಗಡು ಹಾಕಿ, ಹೊರಬದಿಗೆ ಅರ್ಧ ಅಂಗುಲದ ಅಂಚು ನಿಲ್ಲಿಸಿದರೆ ಗಂಬೂಟಿಗೆ ಕೆಸರು ಹತ್ತಿದ್ದರೂ ಪಾದ ಜಾರುವುದಿಲ್ಲ. ಕಟ್ಟೆಯನ್ನು ಪೆಡಲಿಗೆ ವೆಲ್ಡಿಂಗ್ ಮಾಡಿಸಬೇಡಿ. ಎರಕದ ತೋಳಾಗಿದ್ದರೆ ವೆಲ್ಡಿಂಗಿನ ಪಕ್ಕದಲ್ಲೇ ಬಿರುಕು ಬಿಡುತ್ತದೆ. ನಮ್ಮ ಸದಸ್ಯರೊಬ್ಬರು ಒಂದು ಗ್ಯಾರೇಜಿನಲ್ಲಿ ಪೆಡಲಿನ ತೋಳಿಗೆ ನೀರಿನ ಪೈಪಿನ ತುಂಡು ಬೆಸೆಸಿಕೊಂಡು ಬಂದಿದ್ದರು. ಮೂರನೆಯ ವಾರ ಅದು ಮುರಿದು ಕೈಗೆ ಬಂತು. ಸಮತಟ್ಟಾದ ಕಣದಲ್ಲಿ ಆದದ್ದರಿಂದ ಬಚಾವಾದರು.

ಬ್ರೇಕಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಅದರ ತೋಳಿಗಾಗಲಿ ಸರಳಿಗಾಗಲಿ ಕೈ ಹಾಕಬಾರದು. ಬಲಗಾಲಿನ ಎರಡು ಪೆಡಲುಗಳು ಎರಡು ಹಿಂಗಾಲಿಗಳಿಗೆ ಪ್ರತ್ಯೇಕವಾಗಿ ಹೋಗುತ್ತವೆ. ಗದ್ದೆಯಲ್ಲಿ ತಿರುಗಿಸಲು ಒಂದನ್ನು ತುಳಿಯುವುದು ಸರಿ. ತೋಟದ ಇಳಿಜಾರಿನಲ್ಲಿ, ಅದೂ ಟ್ರೈಲರ್ ಹಿಂದಿರುವಾಗ, ಎರಡನ್ನೂ ಕೊಂಡಿಯಿಂದ ಜೋಡಿಸಿಯೇ ಇರಬೇಕು. ಒಂದೇ ಗಾಲಿ ಹಿಡಿದರೆ ಟ್ರಾಕ್ಟರು ಗಿರ್ರನೆ ತಿರುಗಿ ಮಗುಚುತ್ತದೆ. ಒಂದಕ್ಕೆ ಕಟ್ಟೆ ಕಟ್ಟಿಸಿ ಇನ್ನೊಂದಕ್ಕೆ ಬಿಟ್ಟರೆ, ಅಥವಾ ಕಟ್ಟೆಯ ದೆಸೆಯಿಂದ ಕೊಂಡಿ ಕೂರದಂತಾದರೆ, ಈ ಅಪಾಯವನ್ನು ನಾವೇ ಕರೆದಂತೆ. 600 ನ್ಯೂಟನ್, ಅಂದರೆ ಸುಮಾರು 60 ಕಿಲೋ ಒತ್ತಡದೊಳಗೆ ಬ್ರೇಕು ಹಿಡಿಯಬೇಕೆಂಬುದು ಪರೀಕ್ಷೆಯ ಕಟ್ಟಳೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರಾಕ್ಟರುಗಳ ಪರೀಕ್ಷೆ ನಡೆಸಿ ವರದಿ ಕೊಡುತ್ತದೆ. ಹೊಸದು ಕೊಳ್ಳುವವರು ಆ ವರದಿಯನ್ನು ಕೇಳಿ ನೋಡುವುದು ಲೇಸು. ನಿಮ್ಮ ಬ್ರೇಕಿಗೆ ಮೈಭಾರವನ್ನೆಲ್ಲ ಹಾಕಬೇಕಾಗಿದ್ದರೆ ಅದು ದುರಸ್ತಿಯ ವಿಷಯ, ಮಾರ್ಪಾಡಿನದಲ್ಲ.

ಎಡಗಾಲು ಕೆಲಸಕ್ಕೇ ಬಾರದವರಿಗೆ ಕೈ ಕ್ಲಚ್ ಒಂದು ದಾರಿ. ಟ್ರಾಕ್ಟರಿನಲ್ಲಿ ಕೈಯ ಆಕ್ಸಿಲರೇಟರ್ ಮೊದಲೇ ಇರುವುದರಿಂದ ಜೀಪಿಗಿಂತ ಇದು ಸುಲಭ. ಪೆಡಲಿನ ತೋಳಿಗೆ ಹಿಡಿಕಟ್ಟು ಹಾಕಿ, ಎಡಗೈಗೆ ಎಟುಕುವಂತೆ ಸನ್ನೆಯೊಂದನ್ನು ಮೇಲಕ್ಕೆ ತರಬೇಕು. ಅಮೆರಿಕದ ಇಂಡಿಯಾನಾದಲ್ಲಿರುವ ಪರ್ಡ್ಯೂ ವಿಶ್ವವಿದ್ಯಾಲಯ 1979ರಿಂದಲೇ ಅಂಗವಿಕಲ ರೈತರಿಗಾಗಿ ಇಂಥ ಕೆಲಸ ಮಾಡುತ್ತ ಬಂದಿದೆ. 1990ರ ಅಲ್ಲಿಯ ಕೃಷಿ ಕಾಯ್ದೆಯ ನಂತರ ಅದು ಅನೇಕ ರಾಜ್ಯಗಳಿಗೆ ಹಬ್ಬಿತು. ನಮ್ಮಲ್ಲಿ ಅಂಥ ಏರ್ಪಾಡು ಹೋಬಳಿ ಮಟ್ಟಕ್ಕೆ ಬಂದರೆ ಎಷ್ಟೋ ಮನೆಗಳ ಒಲೆ ಆರದೆ ಉಳಿಯುತ್ತದೆ.

ಸಂಘದ ಚಾಲಕರ ಪ್ರಸಂಗವನ್ನೂ ಹೇಳಬೇಕು. ಅವರ ಎಡಮೊಣಕಾಲು ಸವೆದಿದೆ. ಬೇರೆಯವರನ್ನು ನೇಮಿಸೋಣವೆಂಬ ಸಲಹೆ ಆಡಳಿತ ಮಂಡಳಿಯ ಮುಂದೆ ಬಂದಿತು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಮನುಷ್ಯನನ್ನು ಬದಲಿಸುವ ಮೊದಲು ಪೆಡಲನ್ನು ನೋಡೋಣವೆಂದು ನಾವು ಒಂದು ತಿಂಗಳ ಅವಕಾಶ ಕೇಳಿದೆವು. ಗ್ರೀಸು, ಸವೆದ ಬುಷ್ಷಿನ ಬದಲಾವಣೆ, ಸೀಟು ಎರಡು ತೂತು ಮುಂದಕ್ಕೆ, ಅಂಚಿರುವ ಅಗಲ ಪಟ್ಟಿ: ಇಷ್ಟರಲ್ಲೇ ಕೆಲಸವಾಯಿತು, ತೋಳು ಉದ್ದ ಮಾಡುವ ಪ್ರಮೇಯವೇ ಬರಲಿಲ್ಲ. ಮಂಡಳಿ ಅವರನ್ನು ಮುಂದುವರಿಸಿದೆ. ಉದ್ದನೆಯ ಇಳಿಜಾರಿನ ಬಾಡಿಗೆಗಳನ್ನು ಮಾತ್ರ ಕಿರಿಯ ಚಾಲಕನಿಗೆ ಕೊಡುತ್ತಿದ್ದೇವೆ.

ಪಟ್ಟಿಯನ್ನು ಮಾಡಿಸಿದ್ದು ಬೆಂಗಳೂರಿನ ಪಶ್ಚಿಮಕ್ಕಿರುವ ಕಾಮಾಕ್ಷಿಪಾಳ್ಯದಲ್ಲಿ. ಅಲ್ಲಿಯೂ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿಯೂ ಸಣ್ಣ ಲೇತ್ ಶಾಪುಗಳು ಸಾಲುಸಾಲಾಗಿವೆ. ಒಂದೇ ಒಂದು ತುಂಡಾದರೂ ಅಳತೆ ಕೊಟ್ಟರೆ ಮಾಡಿಕೊಡುವವರು ಸಿಗುತ್ತಾರೆ. ಕೆಂಗೇರಿ, ತಾವರೆಕೆರೆ ಕಡೆಯ ರೈತರೂ ಅಲ್ಲಿಗೇ ಬರುತ್ತಾರೆ. ಟ್ರಾಕ್ಟರನ್ನು ಹೊಡೆದುಕೊಂಡು ಹೋಗಬೇಕಿಲ್ಲ. ಪೆಡಲಿನ ಪಟ್ಟಿಯ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ, ದಪ್ಪ ಮತ್ತು ಬೋಲ್ಟಿನ ಜಾಗ ಗುರುತಿಸಿ ಒಯ್ದರೆ ಸಾಕು. ಸಾಧ್ಯವಿದ್ದರೆ ಚಾಲಕರನ್ನೇ ಜೊತೆಗೆ ಕರೆದೊಯ್ಯಿರಿ. ಕಾಲಿನ ಕಷ್ಟ ಕಾಲಿನವರಿಗೇ ಗೊತ್ತು.

ಕಾನೂನಿನ ಮಾತು ಒಂದಿಷ್ಟು. ರಿಜಿಸ್ಟ್ರೇಷನ್ನಿನಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸವಾಗುವಂಥ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣ ನಿರ್ಬಂಧಿಸುತ್ತದೆ. ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಪಟ್ಟಿ ಬಿಗಿಯುವುದು ಬೇರೆ, ಕೈ ಕ್ಲಚ್ ಬೇರೆ. ಕೈ ಕ್ಲಚ್ ಮಾಡಿಸುವವರು ಮೊದಲು ತಮ್ಮ ಆರ್.ಟಿ.ಓ. ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ವಿಮಾ ಕಂಪನಿಗೂ ಪತ್ರ ಬರೆದು ಪ್ರತಿ ಇಟ್ಟುಕೊಳ್ಳಬೇಕು.

ಹೊಸದಾಗಿ ಬಿಗಿದ ಮೇಲೆ ಮೊದಲ ದಿನ ಟ್ರೈಲರ್ ಇಲ್ಲದೆ, ಸಮತಟ್ಟಾದ ನೆಲದಲ್ಲಿ ಮಾತ್ರ ಓಡಿಸಿ. ಹತ್ತು ಗಂಟೆ ಕೆಲಸವಾದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಸಂಘದ ಟ್ರಾಕ್ಟರಿಗೆ ಮಾಡಿಸಿದ ಪಟ್ಟಿಯ ರಟ್ಟಿನ ಅಚ್ಚು ಕಚೇರಿಯಲ್ಲಿದೆ. ಬೇಕಾದ ಸದಸ್ಯರು ಗುರುತು ಹಾಕಿಕೊಂಡು ಹಿಂದಿರುಗಿಸಬಹುದು.