ಎಣಿಕೆಗೆ ಸಿಗದ ನೋವು

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಗೈಗರ್ ಎಣಿಕೆಯಂತ್ರವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ವಿಕಿರಣಶೀಲ ವಸ್ತುವಿನಿಂದ ಹೊರಟ ಕಣವೊಂದು ಅದರ ಕೊಳವೆಯನ್ನು ಹೊಕ್ಕೊಡನೆ 'ಟಿಕ್' ಎಂಬ ಸದ್ದಾಗುತ್ತದೆ. ಆ ಸದ್ದುಗಳನ್ನು ಎಣಿಸಿ ವಿಕಿರಣದ ಪ್ರಮಾಣವನ್ನು ನಾವು ತಿಳಿಯುತ್ತೇವೆ. ಈಗ ಪೊಲೋನಿಯಮ್ ಧಾತುವಿನ ಚೂರೊಂದನ್ನು ದಪ್ಪ ಗಾಜಿನ ಗೋಡೆಯುಳ್ಳ ಕೊಳವೆಯ ಮುಂದೆ ಇಟ್ಟೆವೆನ್ನೋಣ. ಪೊಲೋನಿಯಮ್ಮಿನಿಂದ ಹೊರಡುವುವು ಆಲ್ಫಾ ಕಣಗಳು. ಇವನ್ನು ಒಂದು ಹಾಳೆ ಕಾಗದವೂ ತಡೆಯಬಲ್ಲುದು. ಇನ್ನು ಗಾಜನ್ನು ದಾಟುವುದೆಂತು? ಯಂತ್ರವು ಮೌನವಾಗಿಯೇ ಇರುತ್ತದೆ. ಆ ಕೊಳವೆಯನ್ನು ತೆಗೆದು, ತೆಳ್ಳನೆಯ ಅಭ್ರಕದ ಕಿಟಕಿಯುಳ್ಳ ಕೊಳವೆಯನ್ನು ಹತ್ತಿರಕ್ಕೆ ಹಿಡಿದರೆ ಯಂತ್ರವು ಒಡನೆಯೇ ಸದ್ದುಮಾಡತೊಡಗುತ್ತದೆ. ವಸ್ತುವು ಬದಲಾಗಲಿಲ್ಲ, ಬದಲಾದುದು ಕಿಟಕಿ ಮಾತ್ರ.

ಈ ಸಣ್ಣ ಪ್ರಯೋಗದ ಪಾಠ ದೊಡ್ಡದು. ಉಪಕರಣವು ಸೊನ್ನೆಯನ್ನು ತೋರಿಸಿದಾಗ ಅದಕ್ಕೆ ಎರಡು ಅರ್ಥಗಳುಂಟು: ಅಲ್ಲಿ ಏನೂ ಇಲ್ಲದಿರಬಹುದು, ಇಲ್ಲವೆ ಇರುವುದನ್ನು ಕಾಣುವ ಶಕ್ತಿ ಉಪಕರಣಕ್ಕೆ ಇಲ್ಲದಿರಬಹುದು. ಯಾವುದು ನಿಜವೆಂದು ಪರೀಕ್ಷಿಸದೆ ತೀರ್ಮಾನಕ್ಕೆ ಬರುವುದು ವಿಜ್ಞಾನದ ರೀತಿಯಲ್ಲ.

ಸಮಾಜದಲ್ಲಿಯೂ ಎಣಿಕೆಯಂತ್ರಗಳಿವೆ. ಅಪರಾಧಗಳನ್ನು ಎಣಿಸುವ ಮುಖ್ಯ ಯಂತ್ರ ಪೋಲೀಸು ಠಾಣೆಯ ದಫ್ತರ. ಮನೆಯೊಳಗಿನ ಹಿಂಸೆಗೂ ಬಲಾತ್ಕಾರಕ್ಕೂ ತುತ್ತಾದವರ ಪಟ್ಟಿಯನ್ನು ಅದರಲ್ಲಿ ನೋಡಿದರೆ ಪುರುಷರ ಹೆಸರುಗಳು ವಿರಳವಾಗಿ ಕಾಣುತ್ತವೆ. ಗಂಡಸು ಪೆಟ್ಟು ತಿನ್ನುವನೆಂಬುದು ನಮಗೆ ಬಹುಕಾಲದಿಂದ ನಗೆಚಿತ್ರದ ವಸ್ತು: ಲಟ್ಟಣಿಗೆ ಹಿಡಿದ ಹೆಂಡತಿ, ತಲೆಯ ಮೇಲೆ ಬುಗುಟೆ ಎದ್ದ ಗಂಡ. ಈ ವಿರಳತೆಯು ವಾಸ್ತವವೋ ಅಥವಾ ದಪ್ಪ ಗಾಜಿನ ಪರಿಣಾಮವೋ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಎರಡು ಉಪಕರಣಗಳು

ಒಂದು ಉಪಕರಣದ ದೋಷವನ್ನು ಅರಿಯಲು ಬೇರೊಂದರಿಂದ ಅದೇ ವಸ್ತುವನ್ನು ಅಳೆದು ನೋಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ಇಂತಹ ಎರಡನೆಯ ಉಪಕರಣವೊಂದುಂಟು. ೧೯೮೨ರಲ್ಲಿ ಮೊದಲ ಸಲ ನಡೆದ ಅಪರಾಧ ಸಮೀಕ್ಷೆಯಲ್ಲಿ, ಪೋಲೀಸರಿಗೆ ದೂರು ಕೊಟ್ಟಿರಲಿ ಬಿಡಲಿ, ಜನರನ್ನೇ ಮನೆಮನೆಯಲ್ಲಿ ಕಂಡು ಅವರಿಗೆ ಆದುದನ್ನು ಕೇಳಿದರು. ಆ ಕ್ರಮ ಇಂದಿಗೂ ನಡೆದುಬಂದಿದೆ. ಗೃಹಹಿಂಸೆಯಂತಹ ಸೂಕ್ಷ್ಮ ಪ್ರಶ್ನೆಗಳನ್ನು ಬಾಯಲ್ಲಿ ಕೇಳುವುದಿಲ್ಲ. ಉತ್ತರಿಸುವವರು ತಾವೇ ಗುಟ್ಟಾಗಿ ಯಂತ್ರದಲ್ಲಿ ಗುರುತುಮಾಡುತ್ತಾರೆ. ಇದು ನಮ್ಮ ಅಭ್ರಕದ ಕಿಟಕಿ ಎನ್ನಬಹುದು.

೨೦೨೦ರ ಮಾರ್ಚಿಗೆ ಮುಗಿದ ವರ್ಷದ ಲೆಕ್ಕವನ್ನು ನೋಡೋಣ. ೧೬ರಿಂದ ೭೪ ವರ್ಷ ವಯಸ್ಸಿನವರಲ್ಲಿ ಸುಮಾರು ೧೬ ಲಕ್ಷ ಸ್ತ್ರೀಯರೂ ೭ ಲಕ್ಷ ೫೭ ಸಾವಿರ ಪುರುಷರೂ ಆ ಒಂದು ವರ್ಷದಲ್ಲಿ ಗೃಹಹಿಂಸೆಗೆ ಒಳಗಾದರೆಂದು ಸಮೀಕ್ಷೆಯಿಂದ ಅಂದಾಜಾಯಿತು. ಎಂದರೆ ಪೀಡಿತರಲ್ಲಿ ಪುರುಷರ ಪಾಲು ಶೇಕಡಾ ೩೨. ಅದೇ ವರ್ಷ ಪೋಲೀಸರು ದಾಖಲಿಸಿದ ಗೃಹಹಿಂಸೆಯ ಅಪರಾಧಗಳಲ್ಲಿ ಶೇಕಡಾ ೭೪ರಲ್ಲಿ ಪೀಡಿತರು ಸ್ತ್ರೀಯರು. ಪುರುಷರಿಗೆ ಉಳಿದುದು ಶೇಕಡಾ ೨೬.

ಮೂವರಲ್ಲಿ ಒಬ್ಬನಾಗಿದ್ದವನು ಠಾಣೆಯ ಪುಸ್ತಕಕ್ಕೆ ಬರುವಷ್ಟರಲ್ಲಿ ನಾಲ್ವರಲ್ಲಿ ಒಬ್ಬನಾದನು. ಈ ಅಂತರವೆಲ್ಲವೂ ಮರೆಮಾಚಿದ ನೋವೆಂದು ಹೇಳುವಂತಿಲ್ಲ. ಸಮೀಕ್ಷೆ ಎಣಿಸುವುದು ವ್ಯಕ್ತಿಗಳನ್ನು, ಪೋಲೀಸರು ಎಣಿಸುವುದು ಅಪರಾಧಗಳನ್ನು. ಒಬ್ಬಳೇ ಸ್ತ್ರೀಯು ಮತ್ತೆ ಮತ್ತೆ ಹಿಂಸೆಗೆ ಒಳಗಾದರೆ ಅವಳ ಹೆಸರು ಹಲವು ಬಾರಿ ಎಣಿಕೆಗೆ ಬರುತ್ತದೆ. ಹಾಗಿದ್ದರೂ ಒಂದು ಮಾತು ನಿಶ್ಚಯ: ಏಳೂವರೆ ಲಕ್ಷವೆಂಬುದು ನಗೆಚಿತ್ರದ ಸಂಖ್ಯೆಯಲ್ಲ.

ಗೋಡೆ ಇರುವುದೆಲ್ಲಿ?

ಹೀಗಾದರೆ ದೋಷವೆಲ್ಲವೂ ಪೋಲೀಸರದೇ ಎಂದು ವಾಚಕರು ಊಹಿಸಬಹುದು. ಅಂಕಿಗಳು ಬೇರೊಂದು ಮಾತನ್ನೇ ಹೇಳುತ್ತವೆ. ಅದೇ ಸಮೀಕ್ಷೆಯಲ್ಲಿ, ಸಂಗಾತಿಯಿಂದ ಹಿಂಸೆಗೆ ಒಳಗಾದವರನ್ನು 'ಯಾರಿಗೆ ಹೇಳಿದಿರಿ?' ಎಂದು ಕೇಳಲಾಗಿತ್ತು. ೨೦೧೮ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಪೋಲೀಸರಿಗೆ ತಿಳಿಸಿದವರು ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೧೮, ಪುರುಷರಲ್ಲಿ ಸುಮಾರು ೧೫. ವ್ಯತ್ಯಾಸ ಉಂಟು, ಆದರೆ ಅಲ್ಪ. ಅಕ್ಕ, ತಮ್ಮ, ಗೆಳೆಯ, ನೆರೆಯವರು, ಹೀಗೆ ಯಾರಾದರೊಬ್ಬರಿಗೆ ಹೇಳಿಕೊಂಡವರೆಷ್ಟು? ಸ್ತ್ರೀಯರಲ್ಲಿ ನೂರಕ್ಕೆ ೮೧, ಪುರುಷರಲ್ಲಿ ೫೧. ಸುಮಾರು ಅರ್ಧದಷ್ಟು ಗಂಡಸರು ಒಬ್ಬರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಆದಕಾರಣ, ಅತ್ಯಂತ ದಪ್ಪನಾದ ಗಾಜು ಠಾಣೆಯ ಬಾಗಿಲಿನಲ್ಲಿಲ್ಲ. ಅದು ಅದಕ್ಕೂ ಬಹಳ ಹಿಂದೆ, ಮನೆ ಮತ್ತು ಗೆಳೆಯರ ನಡುವಿನಲ್ಲಿಯೇ ಇದೆ. 'ಗಂಡಸಾಗಿ ಅಳುತ್ತೀಯಾ?' ಎಂಬ ಮಾತನ್ನು ಐದು ವರ್ಷದ ಹುಡುಗನಿಗೆ ನಾವೇ ಹೇಳಿರುತ್ತೇವೆ. ಮೂವತ್ತು ವರ್ಷದ ಮೇಲೆ ಅವನು ಹೇಳಿಕೊಳ್ಳಲಿಲ್ಲವೆಂದರೆ ಆಶ್ಚರ್ಯವೇನು? ಜನರ ಈ ಮನೋಭಾವವನ್ನು ಮನಶ್ಶಾಸ್ತ್ರಜ್ಞರು ಪ್ರಯೋಗದಿಂದಲೂ ತೋರಿಸಿದ್ದಾರೆ. ಒಂದೇ ಘಟನೆಯ ವರದಿಯನ್ನು ಎರಡು ಬಗೆಯಾಗಿ ಬರೆದು, ಒಂದರಲ್ಲಿ ಪೆಟ್ಟು ತಿಂದವಳು ಹೆಂಡತಿಯೆಂದೂ ಇನ್ನೊಂದರಲ್ಲಿ ಗಂಡನೆಂದೂ ಹೆಸರನ್ನು ಮಾತ್ರ ಬದಲಿಸಿ, ಎರಡು ಗುಂಪಿನವರಿಗೆ ಕೊಡುತ್ತಾರೆ. ಗಂಡನು ಪೆಟ್ಟು ತಿಂದ ವರದಿಯನ್ನು ಓದಿದವರು ಕೃತ್ಯವನ್ನು ಅಷ್ಟು ಘೋರವಲ್ಲವೆಂದು ಎಣಿಸುವುದು ಇಂತಹ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಪೋಲೀಸರೂ ಈ ಜನರೊಳಗಿನವರೇ ಅಲ್ಲವೆ? ಜಗಳದ ಮನೆಯಲ್ಲಿ ಮೈಕಟ್ಟು ದೊಡ್ಡದಾಗಿದ್ದವನೇ ಅಪರಾಧಿಯೆಂಬ ಊಹೆಯು ಅವರಿಗೂ ಸಹಜವಾಗಿ ಬರುತ್ತದೆ. ಬಹುಪಾಲು ಮನೆಗಳಲ್ಲಿ ಈ ಊಹೆ ನಿಜವೂ ಆಗಿರಬಹುದು. ಆದರೆ ಬಹುಪಾಲು ನಿಜವಾದುದು ಎದುರಿಗಿರುವ ಒಂದು ಮನೆಯಲ್ಲಿಯೂ ನಿಜವೆಂದು ವಿಚಾರಿಸದೆ ತಿಳಿಯಲಾಗದು.

ವಿಚಾರಿಸಿದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನದೇ ಒಂದು ನಿದರ್ಶನವುಂಟು. ಅಲ್ಲಿ ೨೦೧೫ರ ಕಾಯಿದೆಯೊಂದು, ಕುಟುಂಬದವರನ್ನು ನಿರಂತರವಾಗಿ ಹಿಡಿತದಲ್ಲಿಟ್ಟು ಹಿಂಸಿಸುವುದನ್ನೇ ಅಪರಾಧವೆಂದು ಸಾರಿತು. ನೆರೆಯವರ ಕರೆಯ ಮೇಲೆ ಪೋಲೀಸರು ಒಂದು ಮನೆಗೆ ಬಂದಾಗ, ಮೈಮೇಲೆ ಗಾಯಗಳಿದ್ದ ತರುಣನು ಮೊದಲು ಏನೇನೋ ನೆಪ ಹೇಳಿದನು. ಅವನನ್ನು ಬೇರೆಯಾಗಿ ಮಾತನಾಡಿಸಿದ ಮೇಲೆ ಸತ್ಯ ಹೊರಬಿದ್ದಿತು. ೨೦೧೮ರಲ್ಲಿ ಲೂಟನ್ ನಗರದ ನ್ಯಾಯಾಲಯವು ಅವನ ಸಂಗಾತಿಗೆ ಏಳೂವರೆ ವರ್ಷದ ಶಿಕ್ಷೆ ವಿಧಿಸಿತು. ಈ ಕಾಯಿದೆಯಡಿ ಶಿಕ್ಷೆ ಹೊಂದಿದ ಮೊದಲ ಸ್ತ್ರೀ ಅವಳೆಂದು ಪತ್ರಿಕೆಗಳು ವರದಿಮಾಡಿದುವು. ಅಲ್ಲಿ ತರುಣನನ್ನು ಉಳಿಸಿದ ಉಪಕರಣ ಒಂದು ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಬರುವವರೆಗೆ ಕಾದ ತಾಳ್ಮೆ.

ಅಂಕಣವೇ ಇಲ್ಲದ ಪಟ್ಟಿ

ಗಾಜು ದಪ್ಪವಾಗಿರುವುದು ಒಂದು ತೊಡಕು. ಪಟ್ಟಿಯಲ್ಲಿ ಅಂಕಣವನ್ನೇ ಇಡದಿರುವುದು ಇನ್ನೂ ದೊಡ್ಡ ತೊಡಕು. ಅಮೆರಿಕದಲ್ಲಿ ಅಪರಾಧಗಳ ಎಣಿಕೆಗಾಗಿ ೧೯೨೭ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯ ಪ್ರಕಾರ ಬಲಾತ್ಕಾರಕ್ಕೆ ಒಳಗಾಗುವವಳು ಸ್ತ್ರೀ ಮಾತ್ರ. ೨೦೧೨ರಲ್ಲಿ ಹೊಸ ವ್ಯಾಖ್ಯೆಯನ್ನು ಪ್ರಕಟಿಸುವವರೆಗೂ, ಎಂದರೆ ೮೫ ವರ್ಷಗಳ ಕಾಲ, ಆ ರಾಷ್ಟ್ರೀಯ ಪಟ್ಟಿಯ ಆ ಶಿರೋನಾಮೆಯಡಿ ಒಬ್ಬ ಪುರುಷನೂ ಬರುವಂತಿರಲಿಲ್ಲ. ಇಂಗ್ಲೆಂಡಿನ ಕಾನೂನು ೧೯೯೪ರಲ್ಲಿ ಪುರುಷನನ್ನೂ ಪೀಡಿತನೆಂದು ಒಪ್ಪಿತು.

ನಮ್ಮ ದೇಶದ ಸ್ಥಿತಿ ಹೇಗಿದೆ? ೧೮೬೦ರ ದಂಡಸಂಹಿತೆಯಂತೆಯೇ, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೬೩ನೆಯ ಕಲಮು ಅತ್ಯಾಚಾರವನ್ನು ಪುರುಷನು ಸ್ತ್ರೀಯ ಮೇಲೆ ಎಸಗುವ ಅಪರಾಧವೆಂದೇ ಹೇಳುತ್ತದೆ. ಹಳೆಯ ಸಂಹಿತೆಯ ೩೭೭ನೆಯ ಕಲಮಿನಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ೨೦೧೮ರಲ್ಲಿ ಸುಪ್ರೀಂ ಕೋರ್ಟು ಹೊರಗಿಟ್ಟಿತು; ಬಲಾತ್ಕಾರದ ಭಾಗವನ್ನು ಮಾತ್ರ ಉಳಿಸಿತ್ತು. ಹೊಸ ಸಂಹಿತೆಯಲ್ಲಿ ಆ ಕಲಮು ಪೂರ್ತಿಯಾಗಿ ಬಿಟ್ಟುಹೋಗಿದೆ. ಹೀಗಾಗಿ ಬಲಾತ್ಕಾರಕ್ಕೆ ಒಳಗಾದ ವಯಸ್ಕ ಪುರುಷನು ಗಾಯ, ಅಕ್ರಮ ಬಂಧನ ಮೊದಲಾದ ಸಾಮಾನ್ಯ ಕಲಮುಗಳನ್ನು ಆಶ್ರಯಿಸಬೇಕಾಗಿದೆ. ೨೦೧೩ರಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿಯು ಪುರುಷರ ಮೇಲೆಯೂ ಇಂತಹ ಆಕ್ರಮಣ ನಡೆಯುವುದು ವಾಸ್ತವವೆಂದು ಹೇಳಿತ್ತು. ಆದರೆ ಆರೋಪಿಯ ಸ್ಥಾನದಲ್ಲಿ ಸ್ತ್ರೀಯರನ್ನೂ ಸೇರಿಸಿದರೆ, ದೂರು ಕೊಟ್ಟ ಸ್ತ್ರೀಯ ಮೇಲೆಯೇ ಪ್ರತಿದೂರು ಹೂಡಲು ದಾರಿಯಾದೀತೆಂದು ಸ್ತ್ರೀಸಂಘಟನೆಗಳು ಶಂಕಿಸಿದುವು. ಈ ಶಂಕೆ ಅಲ್ಲಗಳೆಯತಕ್ಕದ್ದಲ್ಲ. ಆದರೆ ಪೀಡಿತನ ಸ್ಥಾನ ಬೇರೆ, ಆರೋಪಿಯ ಸ್ಥಾನ ಬೇರೆ ಎಂಬುದನ್ನೂ ನಾವು ಮರೆಯಬಾರದು.

ಸಮೀಕ್ಷೆಯ ವಿಷಯವೂ ಹೀಗೆಯೇ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಪುರುಷರನ್ನೂ ಮಾತನಾಡಿಸುತ್ತಾರೆ. ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಅವರ ಅಭಿಪ್ರಾಯವನ್ನು ಕೇಳುತ್ತಾರೆ. ಮನೆಯಲ್ಲಿ ಅವರಿಗೆ ಪೆಟ್ಟು ಬಿದ್ದುದುಂಟೇ ಎಂದು ಅವರನ್ನು ಕೇಳುವುದಿಲ್ಲ.

ಅತಿಯಾದ ತಿದ್ದುಪಡಿ

ಉಪಕರಣದ ದೋಷವನ್ನು ಕಂಡವನು ಅದನ್ನು ಬೇಕಾದಂತೆ ತಿದ್ದಿಕೊಳ್ಳುವುದೂ ತಪ್ಪೇ. ತೆಳ್ಳನೆಯ ಕಿಟಕಿಯಲ್ಲಿ ನೋಡಿದಾಗಲೂ ಪೀಡಿತರಲ್ಲಿ ಮೂರರಲ್ಲಿ ಎರಡು ಪಾಲು ಸ್ತ್ರೀಯರೇ ಎಂಬುದನ್ನು ಕಂಡೆವು. ಹಿಂಸೆ ತೀವ್ರವಾದಷ್ಟೂ ಅವರ ಪಾಲು ಹೆಚ್ಚುತ್ತದೆ. ೨೦೧೯ರ ಮಾರ್ಚಿಗೆ ಮುಗಿದ ಮೂರು ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗೃಹಹಿಂಸೆಯಿಂದ ಕೊಲೆಯಾದ ೩೫೭ ಜನರಲ್ಲಿ ೨೭೪ ಮಂದಿ ಸ್ತ್ರೀಯರು. ಶವವನ್ನು ಲಜ್ಜೆಯು ಮುಚ್ಚಿಡಲಾರದು. ಆದುದರಿಂದ ಇದು ನಂಬತಕ್ಕ ಅಳತೆ. ನಮ್ಮ ರಾಜ್ಯದಲ್ಲಿಯೇ, ೨೦೧೯-೨೧ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ೧೮ರಿಂದ ೪೯ ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ೪೪ ಮಂದಿ ಗಂಡನ ಹಿಂಸೆಯನ್ನು ಕಂಡವರು. ಆದುದರಿಂದ 'ಗಂಡಸರೂ ಹೆಂಗಸರೂ ಸಮಾನವಾಗಿ ಪೀಡಿತರು' ಎಂಬ ವಾದಕ್ಕೆ ಈ ಅಂಕಿಗಳು ಆಧಾರವಾಗಲಾರವು. ಮೂವರಲ್ಲಿ ಒಬ್ಬನೆಂಬುದು ಅರ್ಧವೂ ಅಲ್ಲ, ಸೊನ್ನೆಯೂ ಅಲ್ಲ. ಅವನ ನೋವನ್ನು ಎಣಿಸುವುದರಿಂದ ಉಳಿದ ಇಬ್ಬರ ನೋವು ಕಡಿಮೆಯಾಗುವುದೂ ಇಲ್ಲ.

ನಮ್ಮ ಮಕ್ಕಳು

ಕೇಳಿದರೆ ಮಾತ್ರ ಕಾಣುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ೨೦೦೭ರಲ್ಲಿ ಕೇಂದ್ರ ಸರ್ಕಾರದ ಸ್ತ್ರೀ ಮತ್ತು ಶಿಶು ಅಭಿವೃದ್ಧಿ ಸಚಿವಾಲಯವು ೧೩ ರಾಜ್ಯಗಳಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ೧೨,೪೪೭ ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಶೇಕಡಾ ೫೩ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳವನ್ನು ಅನುಭವಿಸಿದ್ದರು. ಅಂತಹ ಮಕ್ಕಳೊಳಗೆ ಶೇಕಡಾ ೫೩ರಷ್ಟು ಗಂಡುಮಕ್ಕಳೇ ಆಗಿದ್ದರು! ಹುಡುಗರಿಗೆ ಅಪಾಯವಿಲ್ಲವೆಂದು ನಿಶ್ಚಿಂತರಾಗಿದ್ದ ಮನೆಗಳಿಗೆ ಇದು ಅನಿರೀಕ್ಷಿತವಾದ ಓದು. ೨೦೧೨ರ ಪೋಕ್ಸೋ ಕಾಯಿದೆಯು ಹುಡುಗ ಹುಡುಗಿ ಎಂಬ ಭೇದವಿಲ್ಲದೆ ೧೮ ವರ್ಷದೊಳಗಿನ ಎಲ್ಲರನ್ನೂ ರಕ್ಷಿಸುತ್ತದೆ. ಇಂತಹ ಅಪರಾಧ ನಡೆದುದು ತಿಳಿದವರು ಪೋಲೀಸರಿಗೆ ತಿಳಿಸಲೇಬೇಕೆಂದು ಅದು ವಿಧಿಸಿದೆ. ೧೦೯೮ ಎಂಬ ದೂರವಾಣಿ ಸಂಖ್ಯೆಯು ಸಂಕಟದಲ್ಲಿರುವ ಎಲ್ಲ ಮಕ್ಕಳಿಗಾಗಿ ಇದೆ. ಹುಡುಗರು ಕರೆಯಬಾರದೆಂಬ ನಿಯಮವೇನೂ ಇಲ್ಲ.

ಕಾನೂನಿನ ಕಲಮುಗಳನ್ನು ಬದಲಿಸುವುದು ಶಾಸನಸಭೆಗಳ ಕೆಲಸ, ಪೋಲೀಸರಿಗೆ ತರಬೇತಿ ಕೊಡುವುದು ಸರ್ಕಾರದ ಕೆಲಸ. ಆದರೆ ಅತ್ಯಂತ ದಪ್ಪನಾದ ಗಾಜು ಗೆಳೆಯರ ನಡುವೆ ಇದೆಯೆಂದು ನಾವು ಕಂಡೆವು. ಅದನ್ನು ತೆಳುಮಾಡುವ ಕೆಲಸ ವಿದ್ಯಾರ್ಥಿಗಳಾದ ನಿಮ್ಮದು. ತರಗತಿಯಲ್ಲಿ ಒಬ್ಬ ಹುಡುಗನು ಕೆಲವು ದಿನಗಳಿಂದ ಮಂಕಾಗಿದ್ದರೆ, ಅವನ ತೋಳಿನ ಮೇಲಿನ ಕಲೆಗೆ ದಿನಕ್ಕೊಂದು ಕಾರಣ ಹೇಳುತ್ತಿದ್ದರೆ, ನಗದೆ, ಒಬ್ಬನನ್ನೇ ಕರೆದು 'ಏನಾಯಿತು?' ಎಂದು ಕೇಳಿರಿ. ಮೊದಲ ಸಲ ಅವನು ಏನೂ ಇಲ್ಲವೆನ್ನಬಹುದು. ಯಂತ್ರವು ಮೌನವಾಗಿದೆಯೆಂದು ಎದ್ದುಹೋಗದೆ, ಕಿಟಕಿಯನ್ನು ಇನ್ನಷ್ಟು ಹತ್ತಿರ ಹಿಡಿದು ಮತ್ತೊಮ್ಮೆ ಕೇಳಿರಿ.