ತುಕ್ಕು ಹಿಡಿಯದ ಉಕ್ಕಿಗೂ ಉಪ್ಪಿನ ಭಯ

ನಾಸಿಕದ ಸಾತಪುರ, ಅಂಬಡಗಳಲ್ಲಿಯೂ ಛತ್ರಪತಿ ಸಂಭಾಜಿನಗರದ ವಾಳೂಜಿನಲ್ಲಿಯೂ ಯಂತ್ರಗಳ ನಡುವೆ ದುಡಿಯುವ ನಮ್ಮವರಿಗೆ ಬಾಲ್ ಬೇರಿಂಗು ಹೊಸದಲ್ಲ. ಒಳಗೊಂದು ಬಳೆ, ಹೊರಗೊಂದು ಬಳೆ, ನಡುವೆ ಉರುಳುವ ಗುಂಡುಗಳು. ಮೀನಿನ ಗಾಳದ ರೀಲಿನಲ್ಲಿಯೂ ಇದೇ ಬೇರಿಂಗು ಪುಟ್ಟದಾಗಿ ಕುಳಿತಿರುತ್ತದೆ. ಗಂಗಾಪುರ ಅಣೆಕಟ್ಟಿನಲ್ಲಿಯೋ ಪೈಠಣದ ನಾಥಸಾಗರದಲ್ಲಿಯೋ ಸಿಹಿನೀರು ಕಂಡ ರೀಲು ಬಹುಕಾಲ ಸುಗಮವಾಗಿ ತಿರುಗುತ್ತದೆ. ಅದನ್ನೇ ರಜೆಯಲ್ಲಿ ಕಾರವಾರಕ್ಕೋ ಮಲ್ಪೆಗೋ ಒಯ್ದು, ಸಮುದ್ರದ ನೀರು ತಗುಲಿದ ಮೇಲೆ ಹಾಗೆಯೇ ಇಟ್ಟರೆ, ಕೆಲವು ದಿನಗಳಲ್ಲಿಯೇ ಕರಕರ ಎನ್ನತೊಡಗಬಹುದು. ಸ್ಟೇನ್‌ಲೆಸ್ ಎಂದು ಹೆಚ್ಚು ಹಣ ತೆತ್ತವರು ಆಗ ಅಂಗಡಿಯವನನ್ನು ಬೈಯುತ್ತಾರೆ. ತಪ್ಪು ಯಾವಾಗಲೂ ಅವನದಲ್ಲ.

ಸಾಧಾರಣ ಬೇರಿಂಗ್ ಉಕ್ಕಿನಲ್ಲಿ ಇಂಗಾಲ ಶೇಕಡಾ 1ರಷ್ಟು, ಕ್ರೋಮಿಯಂ ಶೇಕಡಾ 1.5ರಷ್ಟು. ಅದಕ್ಕೆ ತುಕ್ಕು ತಪ್ಪಿದ್ದಲ್ಲ. ಕ್ರೋಮಿಯಂ ಸುಮಾರು ಶೇಕಡಾ 10.5ನ್ನು ಮೀರಿದರೆ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಗಾಳಿ ತಗುಲಿ ಮತ್ತೆ ಕೂಡಿಕೊಳ್ಳುತ್ತದೆ. ಇದೇ ಸ್ಟೇನ್‌ಲೆಸ್ಸಿನ ಗುಟ್ಟು.

ಒಳ್ಳೆಯ ಪಾತ್ರೆಗಳ 304 ಎಂಬ ಉಕ್ಕಿನಲ್ಲಿ ಕ್ರೋಮಿಯಂ ಶೇಕಡಾ 18ರಷ್ಟು, ನಿಕ್ಕಲ್ 8ರಷ್ಟು. ಅದು ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಕಾಸಿ ಅದ್ದಿದರೂ ಗಡಸಾಗದು. ಭಾರ ಹೊರುವ ಬೇರಿಂಗಿಗೆ ಅದು ಮೆತ್ತಗೆ. ಆದ್ದರಿಂದ 440ಸಿ ಎಂಬ ಬೇರೆ ಉಕ್ಕನ್ನು ಬಳಸುತ್ತಾರೆ. ಇದರಲ್ಲಿ ಕ್ರೋಮಿಯಂ ಶೇಕಡಾ 16ರಿಂದ 18, ಇಂಗಾಲ ಶೇಕಡಾ 1ರಷ್ಟು. ಗಡಸುತನ ಕೊಡುವ ಆ ಇಂಗಾಲವೇ ಕ್ರೋಮಿಯಂನ ಒಂದು ಪಾಲನ್ನು ತನ್ನೊಡನೆ ಕಟ್ಟಿಹಾಕುತ್ತದೆ. ಪೊರೆಗೆ ಉಳಿಯುವುದು ಅಷ್ಟು ಕಡಿಮೆ. ಉಪ್ಪಿನಲ್ಲಿರುವ ಕ್ಲೋರೈಡು ಈ ಪೊರೆಯನ್ನು ಅಲ್ಲಲ್ಲಿ ಭೇದಿಸಿ ಸೂಜಿಮೊನೆಯಂಥ ಕುಳಿ ತೋಡುತ್ತದೆ.

ಅಯಸ್ಕಾಂತಕ್ಕೆ ಅಂಟಿದರೆ ಸ್ಟೇನ್‌ಲೆಸ್ ಅಲ್ಲವೆಂಬ ನಂಬಿಕೆಯುಂಟು. ಬೇರಿಂಗಿನ ವಿಷಯದಲ್ಲಿ ಇದು ಸಲ್ಲದು. 440ಸಿ ಅಂಟಿಯೇ ಅಂಟುತ್ತದೆ. ಅಂಟಿತೆಂದು ಒಳ್ಳೆಯ ಮಾಲನ್ನು ಹಿಂದಿರುಗಿಸಬೇಡಿ.

ನಾವು ಹೇಳುವುದಿಷ್ಟೆ: ಸಮುದ್ರದಿಂದ ಬಂದ ದಿನವೇ ರೀಲನ್ನು ಸಿಹಿನೀರಿನಲ್ಲಿ ಮೆಲ್ಲನೆ ತೊಳೆಯಿರಿ. ರಭಸದ ಧಾರೆ ಬೇಡ, ಅದು ಉಪ್ಪನ್ನು ಒಳಕ್ಕೆ ನೂಕುತ್ತದೆ. ಚೆನ್ನಾಗಿ ಒಣಗಿಸಿ ಹೊಲಿಗೆಯಂತ್ರದ ಎಣ್ಣೆ ಒಂದೆರಡು ತೊಟ್ಟು ಬಿಡಿ. ಕೊಬ್ಬರಿ ಎಣ್ಣೆ ನಾಸಿಕದ ಚಳಿಗೆ ಹೆಪ್ಪುಗಟ್ಟುತ್ತದೆ, ಅದು ಬೇಡ.

ಬೆವರಿನಲ್ಲಿರುವುದೂ ಉಪ್ಪೇ. ಬೇರಿಂಗ್ ಕಾರ್ಖಾನೆಗಳಲ್ಲಿ ತಯಾರಾದ ಬಳೆಯನ್ನು ಬರಿಗೈಯಿಂದ ಮುಟ್ಟಬಾರದೆನ್ನುವುದು ಇದರಿಂದಲೇ. ಬೆರಳಿನ ಗುರುತು ಬಿದ್ದಲ್ಲಿಯೇ ತುಕ್ಕು ಮೊಳೆಯುತ್ತದೆ. ಕೈಗವಸು ಹರಿದಿದ್ದರೆ ಸಂಕೋಚವಿಲ್ಲದೆ ಹೊಸದನ್ನು ಕೇಳಿ ಪಡೆಯಿರಿ. ಮಾಲು ಕೆಟ್ಟರೆ ದೂರು ಬರುವುದು ಮುಟ್ಟಿದ ಕೈಯ ಮೇಲೆಯೇ.