ತಪ್ಪು ಹಿಡಿಯುವ ಯಂತ್ರ, ತಿದ್ದುವ ಮನುಷ್ಯ

ನಮ್ಮ ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಗೆ ಮೊದಲ ಯಂತ್ರಮಗ್ಗವು ೧೯೦೪ರಲ್ಲಿ ಬಂದಿತು. ಇಂದು ಅಲ್ಲಿನ ಓಣಿ ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತದೆ. ಸ್ವಯಂಚಾಲಿತ ಮಗ್ಗದಲ್ಲಿ ಹಾಸಿನ ಪ್ರತಿಯೊಂದು ಎಳೆಯ ಮೇಲೂ ತೆಳುವಾದ ಲೋಹದ ಪಟ್ಟಿಯನ್ನು ತೂಗಬಿಟ್ಟಿರುತ್ತಾರೆ. ಎಳೆ ಹರಿದರೆ ಪಟ್ಟಿ ಬೀಳುತ್ತದೆ, ಕೂಡಲೇ ಮಗ್ಗ ನಿಲ್ಲುತ್ತದೆ. ನೇಕಾರನು ಬಂದು ಗಂಟು ಹಾಕಿದ ಮೇಲೆಯೇ ನೇಯ್ಗೆ ಮುಂದುವರಿಯುವುದು. ಗಣಕಯಂತ್ರದ ಕ್ಷೇತ್ರದಲ್ಲಿಯೂ ಇಂಥದೇ ಏರ್ಪಾಡು ಒಂದಿದೆ. ಅದನ್ನು ಈ ಲೇಖನದಲ್ಲಿ ತಿಳಿಯೋಣ.

ಗಣಕಯಂತ್ರದ ಕೀಲಿಮಣೆ, ತೆರೆ, ಮುದ್ರಕ ಮೊದಲಾದವುಗಳನ್ನು ಹತೋಟಿಯಲ್ಲಿಟ್ಟು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಡೆಬಿಯನ್ ಅಂಥದೊಂದು ವ್ಯವಸ್ಥೆ. ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದ ಇಯಾನ್ ಮರ್ಡಾಕ್ ಅವರು ೧೯೯೩ರ ಆಗಸ್ಟ್ ೧೬ರಂದು ಇದನ್ನು ಆರಂಭಿಸಿದರು. ಇದನ್ನು ನಡೆಸುವವರು ಹಲವು ದೇಶಗಳ ಸ್ವಯಂಸೇವಕರು. ೨೦೨೩ರಲ್ಲಿ ಅವರ ವಾರ್ಷಿಕ ಸಮ್ಮೇಳನವು ಕೇರಳದ ಕೊಚ್ಚಿಯಲ್ಲಿ ಜರುಗಿತು. ೨೦೨೫ರ ಆಗಸ್ಟಿನಲ್ಲಿ ಹೊರಬಂದ ೧೩ನೆಯ ಆವೃತ್ತಿಯಲ್ಲಿ ೬೯,೮೩೦ ಪ್ಯಾಕೇಜುಗಳಿವೆ. ಒಂದನ್ನು ತಿದ್ದಿದರೆ ಅದನ್ನು ನೆಚ್ಚಿದ ಇನ್ನೊಂದು ಕೆಡಬಹುದು. ಕೇರಳದ ಶಾಲೆಗಳ ಕೈಟ್ ಗ್ನೂ ಲಿನಕ್ಸ್ ಉಬುಂಟುವಿನಿಂದಲೂ, ಉಬುಂಟು ಡೆಬಿಯನ್ನಿನಿಂದಲೂ ರೂಪುಗೊಂಡಿವೆ. ಆದುದರಿಂದ ಡೆಬಿಯನ್ನಿನಲ್ಲಿ ಹರಿದ ಎಳೆಯು ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳವರೆಗೂ ಮುಟ್ಟಬಲ್ಲದು.

ಒಂದು ಉದಾಹರಣೆಯನ್ನು ಊಹಿಸೋಣ. ಗಡಹಿಂಗ್ಲಜದ ಹುಡುಗಿಯೊಬ್ಬಳು ಕನ್ನಡ ನಿಘಂಟಿನ ತಂತ್ರಾಂಶವನ್ನು ಬರೆದಳು. ಅವಳ ಯಂತ್ರದಲ್ಲಿ ಅದು ಚೆನ್ನಾಗಿ ನಡೆಯಿತು. ಕೊಲ್ಹಾಪುರದ ಗೆಳತಿಯ ಯಂತ್ರದಲ್ಲಿ ಮಾತ್ರ ಸಿದ್ಧವಾಗಲೇ ಇಲ್ಲ. ಕಾರಣವೇನು? ಬೇಕಾದ ಸಹಾಯಕ ತಂತ್ರಾಂಶವೊಂದು ಹುಡುಗಿಯ ಯಂತ್ರದಲ್ಲಿ ಮೊದಲೇ ಇದ್ದುದರಿಂದ, ಬೇಕಾಗುವ ಸಾಮಗ್ರಿಯ ಪಟ್ಟಿಯಲ್ಲಿ ಅದನ್ನು ಬರೆದಿರಲಿಲ್ಲ. ಮನೆಯಲ್ಲಿ ಉಪ್ಪು ಇದ್ದೇ ಇರುತ್ತದೆಂದು ಮದುವೆ ಅಡುಗೆಯ ಪಟ್ಟಿಯಲ್ಲಿ ಉಪ್ಪನ್ನೇ ಬಿಟ್ಟಂತೆ!

ಇಂಥ ದೋಷವನ್ನು ಹಿಡಿಯುವ ಕ್ರಮ ಹೀಗಿದೆ:

೧. ಸ್ವಯಂಸೇವಕನು ತಂತ್ರಾಂಶದ ಮೂಲಬರಹವನ್ನೂ ಸಾಮಗ್ರಿಯ ಪಟ್ಟಿಯನ್ನೂ ಕಳುಹಿಸುತ್ತಾನೆ.

೨. ಪರೀಕ್ಷಾ ಯಂತ್ರವು ತನ್ನೊಳಗೆ ಬರಿದಾದ ಹೊಸ ಕೋಣೆಯಂಥ ಜಾಗವನ್ನು ಸಿದ್ಧಮಾಡುತ್ತದೆ. ಎಲ್ಲಕ್ಕೂ ಬೇಕಾಗುವ ಮೂಲ ಉಪಕರಣಗಳನ್ನು ಬಿಟ್ಟರೆ, ಪಟ್ಟಿಯಲ್ಲಿರುವಷ್ಟನ್ನೇ ಅಲ್ಲಿ ಇಡುತ್ತದೆ.

೩. ಮೂಲಬರಹವನ್ನು ಯಂತ್ರಭಾಷೆಗೆ ತಿರುಗಿಸಿ ಪ್ಯಾಕೇಜನ್ನು ಕಟ್ಟುತ್ತದೆ. ಇದಕ್ಕೆ ಬಿಲ್ಡ್ ಎನ್ನುವರು. ೧೩ನೆಯ ಆವೃತ್ತಿಯು ಏಳು ಬಗೆಯ ಯಂತ್ರಗಳಿಗೆ ಲಭ್ಯವಿದೆ. ಅಗತ್ಯವಿದ್ದಲ್ಲಿ ಒಂದೊಂದಕ್ಕೂ ಬೇರೆಯಾಗಿ ಕಟ್ಟುತ್ತಾರೆ.

೪. ಅನಂತರ ಪ್ರಶ್ನೆ ಕೇಳುತ್ತದೆ. ನಿಘಂಟಿನಲ್ಲಿ 'ಕಮಲ' ಮೊದಲು, 'ಖಗ' ಆಮೇಲೆ ಬಂದಿತೇ? ಈ ಪ್ಯಾಕೇಜನ್ನು ನೆಚ್ಚಿದ ಇತರ ತಂತ್ರಾಂಶಗಳ ಪರೀಕ್ಷೆಯೂ ನಡೆಯುತ್ತದೆ.

೫. ಫಲಿತಾಂಶವನ್ನು ಎಲ್ಲರೂ ನೋಡಬಹುದು. ಹೊಸ ದೋಷ ಕಂಡರೆ ಆ ಪ್ಯಾಕೇಜು ಮುಂದಿನ ಆವೃತ್ತಿಯ ಸಾಲಿಗೆ ಸೇರದೆ ನಿಲ್ಲುತ್ತದೆ.

ಒಬ್ಬರನ್ನೊಬ್ಬರು ಕಾಣದ ಜನರು ಕೂಡಿ ದುಡಿಯುವಾಗ ಈ ಪರೀಕ್ಷೆಯೇ ಅವರ ನಂಬಿಕೆಗೆ ಆಧಾರ. ಅದಕ್ಕೆ ದಣಿವಿಲ್ಲ, ದಾಕ್ಷಿಣ್ಯವಿಲ್ಲ. ಆದರೆ ಒಂದು ಮಾತನ್ನು ಮರೆಯಬಾರದು. ಯಂತ್ರವು ಮನುಷ್ಯನು ಬರೆದುಕೊಟ್ಟ ಪ್ರಶ್ನೆಯನ್ನು ಮಾತ್ರ ಕೇಳಬಲ್ಲದು. ಕೇಳದ ಪ್ರಶ್ನೆಯ ತಪ್ಪು ನುಸುಳಿ ಹೋಗುತ್ತದೆ. ಆದುದರಿಂದ ಹೊಸ ತಪ್ಪು ಕಂಡಾಗ ಅದನ್ನು ತಿದ್ದಿದರಷ್ಟೇ ಸಾಲದು, ಮರುಕಳಿಸದಂತೆ ಒಂದು ಪ್ರಶ್ನೆಯನ್ನೂ ಸೇರಿಸಬೇಕು. 'ಸ್ತ್ರೀ' ಎಂಬ ಅಕ್ಷರವು ತೆರೆಯ ಮೇಲೆ ಒತ್ತುಗಳೊಡನೆ ಸರಿಯಾಗಿ ಮೂಡಿತೇ ಎಂಬುದನ್ನು ಕನ್ನಡ ಓದಬಲ್ಲವರೇ ನೋಡಿ ಹೇಳಬೇಕು. ಗಡಿಭಾಗದಲ್ಲಿ ಕನ್ನಡ ಕಲಿಯುತ್ತಿರುವ ನಮಗೆ ಈ ಕೆಲಸ ಕಾದಿದೆ.